ನಮ್ಮೂರಿನ ನೆಲ-ಜಲ ಮತ್ತು ನಮ್ಮ ಸಂಘ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬ ಎಂದರೆ ಸಂಘ ಇಷ್ಟು ಸಾಲ ಕೊಟ್ಟಿತು, ಇಷ್ಟು ವಸೂಲಾಯಿತು, ಇಷ್ಟು ಮೂಟೆ ಗೊಬ್ಬರ ಹಂಚಿತು ಅಂತ ಹೇಳುವುದು ವಾಡಿಕೆ. ಅದನ್ನೆಲ್ಲ ಕಾರ್ಯದರ್ಶಿಗಳು ವರದಿಯಲ್ಲಿ ಓದಿದ್ದಾರೆ. ನಮಗೆ ಕೊಟ್ಟಿರುವ ವಿಷಯ ಊರಿನ ನೆಲ ಮತ್ತು ಜಲ. ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಭೂಗೋಳವನ್ನು ಪುಸ್ತಕದಲ್ಲಿ ಓದಿದ್ದಕ್ಕಿಂತ ಕುಂಟೆಯ ಹಿಂದೆ ನಡೆದು ಕಲಿತದ್ದೇ ಹೆಚ್ಚು. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ನಮ್ಮೂರು ಹೊರಕೆರೆದೇವಪುರ. ಬಸ್ಸಿನವರ ಬಾಯಲ್ಲಿ ಎಚ್.ಡಿ. ಪುರ. ಹಾಗೆ ಕರೆದು ಕರೆದು ಊರಿನ ಹೆಸರಲ್ಲಿ ಏನಿದೆ ಎಂಬುದೇ ನಮಗೆ ಮರೆತುಹೋಗಿದೆ. ಹೆಸರಲ್ಲಿ ದೇವರಿದ್ದಾನೆ, ಕೆರೆಯೂ ಇದೆ. ದೇವರನ್ನು ನಾವು ಮರೆತಿಲ್ಲ. ಶ್ರೀ ಲಕ್ಷ್ಮೀನರಸಿಂಹಸ್ವಾಮಿಯ ತೇರು ಎಳೆಯಲು ಎಲ್ಲಿದ್ದರೂ ಬರುತ್ತೇವೆ. ಮರೆತಿರುವುದು ಕೆರೆಯನ್ನು. ಇವತ್ತಿನ ನಮ್ಮ ಮಾತೆಲ್ಲ ಅದರ ಬಗ್ಗೆಯೇ.

ಸುತ್ತಮುತ್ತಲ ಹೆಸರುಗಳನ್ನೇ ನೋಡಿ. ಹೊಳಲ್ಕೆರೆ, ಭೀಮಸಮುದ್ರ, ಆ ಕಡೆ ಚಳ್ಳಕೆರೆ, ಈ ಕಡೆ ದಾವಣಗೆರೆ. ಮಳೆ ಹೆಚ್ಚು ಬೀಳುವ ಸೀಮೆಯಲ್ಲಿ ಊರಿಗೆ ಕೆರೆಯ ಹೆಸರಿಡಬೇಕಾದ ಜರೂರಿಲ್ಲ. ನೀರು ಕಡಿಮೆ ಇರುವ ಕಡೆಯೇ ಜನ ನೀರಿನ ಹೆಸರು ಇಟ್ಟುಕೊಂಡಿದ್ದಾರೆ.

ನಾವಿರುವುದು ನಾಲ್ಕು ಪಟ್ಟಣಗಳ ನಡುವೆ. ಬಡಗಲಿಗೆ ಚಿತ್ರದುರ್ಗ, ಪಡುವಲಿಗೆ ಹೊಳಲ್ಕೆರೆ, ತೆಂಕಲಿಗೆ ಹೊಸದುರ್ಗ, ಆಗ್ನೇಯಕ್ಕೆ ಹಿರಿಯೂರು. ಬಡಗಲ ಕಡೆ ಜೋಗಿಮಟ್ಟಿ ಬೆಟ್ಟದ ಸಾಲು, ಈಗ ಅದರ ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತವೆ. ನಮ್ಮ ಜಿಲ್ಲೆಯ ನಡು ಹಾಯ್ದು ಹೋಗುವ ಈ ಬೆಟ್ಟಗಳ ಪಟ್ಟಿ ಸಣ್ಣದಲ್ಲ. ಭೂವಿಜ್ಞಾನದವರು ಇದನ್ನು ಚಿತ್ರದುರ್ಗ ಶಿಲಾಪಟ್ಟಿ ಎನ್ನುತ್ತಾರೆ. ಗದಗಿನ ಕಡೆಯಿಂದ ಶುರುವಾಗಿ ಶ್ರೀರಂಗಪಟ್ಟಣದ ಹತ್ತಿರದ ತನಕ ನಾನೂರಕ್ಕೂ ಹೆಚ್ಚು ಕಿಲೋಮೀಟರ್ ಉದ್ದ ಹಬ್ಬಿದೆ. ಅದರ ಕಲ್ಲುಗಳ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಇನ್ನೊಂದು ಸಂಗತಿ. ಈ ಸಾಲಿನ ಬಡಗಲ ತುದಿಯ ಗದಗಿನ ಪಕ್ಕದಲ್ಲೇ ಕಣಗಿನಹಾಳ ಎಂಬ ಹಳ್ಳಿ ಇದೆ. ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದ್ದು ಅಲ್ಲೇ. ನಮ್ಮ ಕಲ್ಲೂ ಅವರ ಕಲ್ಲೂ ಒಂದೇ, ನಮ್ಮ ಸಂಘದ ಬೇರೂ ಅಲ್ಲಿಯದೇ ಅಂದುಕೊಂಡರೆ ತಪ್ಪಿಲ್ಲ.

ನೆಲ ಹೇಗಿದೆ ಅಂದರೆ, ಗುಡ್ಡದ ಬುಡಕ್ಕೆ ಗರಸು, ಅದರ ಕೆಳಗೆ ಕೆಂಪು ಮಸಾರೆ, ತಗ್ಗಿನಲ್ಲಿ ಅಲ್ಲಲ್ಲಿ ಎರೆ. ಹಿರಿಯರು ಇದನ್ನು ನೋಡಿಯೇ ಬೆಳೆ ಇಟ್ಟಿದ್ದರು. ಗರಸಿಗೆ ಹುರುಳಿ, ಸಾವೆ. ಮಸಾರೆಗೆ ರಾಗಿ, ಅಕ್ಕಡಿಗೆ ಅವರೆ, ತೊಗರಿ. ಎರೆಗೆ ಜೋಳ, ಹತ್ತಿ. ಕೆರೆ ಹಿಂದಿನ ಅಚ್ಚುಕಟ್ಟಿಗೆ ಮಾತ್ರ ನೆಲ್ಲು, ತೆಂಗು, ಅಡಿಕೆ. ಅಡಿಕೆ ಎಂಬುದು ಆಗ ಕೆರೆಯ ಮಗಳು. ಕೆರೆ ಬಿಟ್ಟು ದೂರ ಹೋಗುತ್ತಿರಲಿಲ್ಲ.

ಮಳೆಯ ಲೆಕ್ಕವೂ ಹಾಗೇ. ಹೊಳಲ್ಕೆರೆ, ಹೊಸದುರ್ಗದಿಂದ ಹಿರಿಯೂರು, ಚಳ್ಳಕೆರೆ ಕಡೆಗೆ ಹೋದಂತೆಲ್ಲ ಮಳೆ ಕಡಿಮೆ. ಆಷಾಢದಲ್ಲಿ ಪಡುವಣ ಗಾಳಿ ಬೀಸುತ್ತದೆ, ಮೋಡ ತಲೆಯ ಮೇಲೆ ಓಡುತ್ತದೆ, ಮಲೆನಾಡಿನಲ್ಲಿ ಸುರಿದು ಉಳಿದ ತುಂತುರು ನಮ್ಮ ಪಾಲಿಗೆ. ನಮಗೆ ಗಟ್ಟಿ ಮಳೆ ಬರುವುದು ಹುಬ್ಬೆ, ಉತ್ತರೆಯಿಂದ ಚಿತ್ತಾ, ಸ್ವಾತಿ ತನಕ. ಅದೂ ಬಂದರೆ ಒಂದೇ ರಾತ್ರಿ ಹಳ್ಳ ತುಂಬುವ ಹಾಗೆ ಬರುತ್ತದೆ, ಬೆಳಗಾಗುವಷ್ಟರಲ್ಲಿ ಹರಿದುಹೋಗಿರುತ್ತದೆ. ಆ ಒಂದು ರಾತ್ರಿಯ ನೀರನ್ನು ವರ್ಷಕ್ಕೆ ಹಿಡಿದಿಡಬೇಕು ಅಂತಲೇ ಕೆರೆ ಕಟ್ಟಿದ್ದು.

ಬಿದ್ದ ನೀರು ಎಲ್ಲಿಗೆ ಹೋಗುತ್ತದೆ? ನಮ್ಮ ತಾಲ್ಲೂಕಿನ ನೀರು ಎರಡು ಕಡೆಗೆ ಒಡೆಯುತ್ತದೆ. ಪಡುವಲ ಭಾಗದ್ದು ಹರಿದ್ರಾ ಹಳ್ಳ ಹಿಡಿದು ಸೂಳೆಕೆರೆಗೆ, ಅಲ್ಲಿಂದ ತುಂಗಭದ್ರೆಗೆ. ಮೂಡಲ ಭಾಗದ್ದು ಹಳ್ಳಗಳನ್ನು ಸೇರಿ ಕೊನೆಗೆ ವೇದಾವತಿಗೆ. ವೇದಾವತಿ ಬೆಟ್ಟದ ಸಾಲನ್ನು ಸೀಳಿಕೊಂಡು ಹೋಗುವ ಕಿರಿದಾದ ಜಾಗ ಮಾರಿಕಣಿವೆ. ಅಲ್ಲಿ ಮೈಸೂರು ಅರಸರ ಕಾಲದಲ್ಲಿ, 1898ರಿಂದ 1907ರ ತನಕ, ಅಣೆಕಟ್ಟೆ ಕಟ್ಟಿದರು. ಅದೇ ವಾಣಿವಿಲಾಸ ಸಾಗರ. 130 ಅಡಿ ತುಂಬಿದರೆ ಕೋಡಿ, ಹಿಡಿಯುವ ನೀರು ಸುಮಾರು 30 ಟಿ.ಎಂ.ಸಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಆಮೇಲೆ 89 ವರ್ಷ ಬೀಳಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬಿತ್ತು, 2025ರ ಜನವರಿಯಲ್ಲಿ ಮತ್ತೆ ಬಿತ್ತು. ನಮ್ಮ ಅಪ್ಪ ಇಡೀ ಆಯುಷ್ಯದಲ್ಲಿ ಕಾಣದ್ದನ್ನು ನಮ್ಮ ಮಕ್ಕಳು ಶಾಲೆ ಮುಗಿಸುವುದರೊಳಗೆ ಎರಡು ಸಲ ಕಂಡರು.

ಆ 2022ರ ಮಳೆಯಲ್ಲಿ ನಮ್ಮ ಮನೆಯಲ್ಲಿ ಏನಾಯಿತು ಅಂತ ಹೇಳಲೇಬೇಕು. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾವು ಹುಡುಗರಾಗಿದ್ದಾಗ ಅಜ್ಜ ಒಂದು ಮಾತು ಹೇಳುತ್ತಿದ್ದರು. “ಮಗಾ, ಹೊಲ ಕೊಳ್ಳೋನು ಬ್ಯಾಸಿಗೇಲಿ ನೋಡ್ಬಾರ್ದು. ಮಳೆ ಸುರಿಯೋವಾಗ ಕಂಬಳಿಕೊಪ್ಪೆ ಹಾಕ್ಕೊಂಡು ಬದುವಿನ ಮ್ಯಾಲೆ ನಿಂತ್ಕೊಂಡು ನೋಡ್ಬೇಕು. ನೀರು ಎಲ್ಲಿಂದ ಬರ್ತೈತೆ, ಎಲ್ಲಿಗೆ ಹೋಗ್ತೈತೆ ಅಂತ ತಿಳಿದ್ರೆ ಹೊಲ ತಿಳೀತು.” ನಮ್ಮ ಹೊಲದ ಮೇಲ್ಭಾಗದಲ್ಲಿ ಒಂದು ಕಾಲುವೆ ಇತ್ತು. ಗುಡ್ಡದ ನೀರನ್ನು ಕೆರೆಗೆ ಒಯ್ಯುವ ಕಾಲುವೆ. ಬೇಸಿಗೆಯಲ್ಲಿ ಅದರೊಳಗೆ ಮೇಕೆ ಕಟ್ಟುತ್ತಿದ್ದೆವು. ಮಳೆಗಾಲಕ್ಕೆ ಮುಂಚೆ ಆಚೀಚೆ ಹೊಲದವರೆಲ್ಲ ಸೇರಿ ಅದರ ಮಣ್ಣು ತೆಗೆಯುತ್ತಿದ್ದರು. ಬೇಸಿಗೆಯಲ್ಲಿ ಕೆರೆಗೋಡು ಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಕೆರೆಯ ಹೂಳೂ ಹೋಯಿತು, ಹೊಲಕ್ಕೆ ಗೊಬ್ಬರವೂ ಆಯಿತು. ಇದಕ್ಕೆ ಯಾವ ಇಲಾಖೆಯ ಆರ್ಡರೂ ಬೇಕಿರಲಿಲ್ಲ.

ನಮ್ಮದು ನಲವತ್ತು ಅಡಿಯ ತೆರೆದ ಬಾವಿ. 2001ರಿಂದ ಮೂರು ವರ್ಷ ಬಿಡದೆ ಬರ ಬಂತಲ್ಲ, ಆಗ ಬಾವಿ ಬತ್ತಿತು. 2004ರಲ್ಲಿ ಬೋರು ಹಾಕಿಸಿದೆವು. 280 ಅಡಿಗೆ ಎರಡಿಂಚು ನೀರು. ಬಾವಿಯ ಕಾಲ ಮುಗಿಯಿತು, ಕೆರೆಯ ಹಂಗೂ ಮುಗಿಯಿತು ಅಂತ ಭಾವಿಸಿದೆವು. ಅಡಿಕೆ ಇಟ್ಟೆವು. 2006ರಲ್ಲಿ ಅಪ್ಪ, ನಾವು ಸೇರಿ ಆ ಕಾಲುವೆಯನ್ನು ಟ್ರ್ಯಾಕ್ಟರಿನಲ್ಲಿ ಮುಚ್ಚಿ ಹೊಲಕ್ಕೆ ಸೇರಿಸಿಕೊಂಡೆವು. ಸಿಕ್ಕಿದ್ದು ಆರು ಗುಂಟೆ. ಎಂಬತ್ತು ಅಡಿಕೆ ಸಸಿ ಹಿಡಿಯಿತು. ಅಜ್ಜ ಆಗ ಇರಲಿಲ್ಲ. ಇದ್ದಿದ್ದರೆ ಬಿಡುತ್ತಿರಲಿಲ್ಲ.

2013ರಲ್ಲಿ ಎರಡನೇ ಬೋರು 620 ಅಡಿ. 2016, 2017ರ ಬರದಲ್ಲಿ ಅದೂ ನಿಂತಿತು. ಆ ಬೇಸಿಗೆ ನಿಮಗೆಲ್ಲ ನೆನಪಿದೆ. ನಮ್ಮ ಸೀಮೆಯಲ್ಲಿ ತೋಟ ಉಳಿಸಿಕೊಳ್ಳಲು ಟ್ಯಾಂಕರಿನಲ್ಲಿ ನೀರು ಹೊಡೆಸಿದರು. ನಾವೂ ಹೊಡೆಸಿದೆವು. ಮೂರನೇ ಬೋರಿಗೆ ತಿರುಚೆಂಗೋಡಿನ ಲಾರಿ ಬಂತು. ರಾತ್ರಿಯೆಲ್ಲ ಕೊರೆಯಿತು. 960 ಅಡಿಯ ತನಕ ಬರೀ ಧೂಳು. ಮನೆಯವರ ಸರ ಅಡವಿಟ್ಟ ದುಡ್ಡು ಬೆಳಗಿನ ಜಾವಕ್ಕೆ ಬಿಳಿ ಪುಡಿಯಾಗಿ ಅಂಗಿಯ ಮೇಲೆ ಕೂತಿತ್ತು. ತೋಟದಲ್ಲಿ ಅರ್ಧಕ್ಕರ್ಧ ಗಿಡ ಒಣಗಿದವು, ಕಾಲುವೆ ಮುಚ್ಚಿ ಇಟ್ಟ ಎಂಬತ್ತೂ ಹೋದವು. 2019ರಲ್ಲಿ ಮತ್ತೆ ಅಲ್ಲೇ ಸಸಿ ಇಟ್ಟೆವು.

2022ರಲ್ಲಿ ನಮ್ಮ ಭಾಗದ ಎಷ್ಟೋ ಕೆರೆಗಳು ಕೋಡಿ ಬಿದ್ದವು. ಆ ಮಳೆಯಲ್ಲಿ ಗುಡ್ಡದ ನೀರು ಹಳೆಯ ದಾರಿ ಹುಡುಕಿಕೊಂಡು ಬಂತು. ದಾರಿ ಇಲ್ಲ. ನಮ್ಮ ತೋಟದ ಮೇಲೇ ಹರಿಯಿತು. ಎಂಬತ್ತು ಸಸಿಯೂ ಹೋಯಿತು, ಕೆಳಗಿನ ಮುನ್ನೂರು ಗಿಡದ ಬುಡದ ಮಣ್ಣೂ ಹೋಯಿತು. ಆರು ಗುಂಟೆ ಕದ್ದಿದ್ದೆವು, ಒಂದೂವರೆ ಎಕರೆಯ ಮೇಲ್ಮಣ್ಣು ದಂಡ ಕಟ್ಟಿದೆವು. ಬೆಳಗ್ಗೆ ಬದುವಿನ ಮೇಲೆ ನಿಂತು ನೋಡಿದಾಗ ಅಜ್ಜನ ಮಾತು ಅರ್ಥವಾಯಿತು.

ಆಮೇಲೆ ಊರಿನ ಗ್ರಾಮ ನಕ್ಷೆ ತೆಗೆಸಿ ನೋಡಿದೆವು. ಆ ಕಾಲುವೆ ನಕ್ಷೆಯಲ್ಲಿ ಗೆರೆ ಎಳೆದು ತೋರಿಸಿದ ಹಾಗೇ ಇದೆ. ಪಹಣಿಯಲ್ಲಿ ಬಿ ಖರಾಬು ಅಂತ ಇದೆ. ಎಷ್ಟೋ ವರ್ಷದಿಂದ ಆ ಪಹಣಿ ನಮ್ಮ ಪೆಟ್ಟಿಗೆಯಲ್ಲೇ ಇತ್ತು. ಸಾಲಕ್ಕೆ ಕೊಡುವಾಗ ಎಕರೆ ಎಷ್ಟು ಅಂತ ನೋಡುತ್ತಿದ್ದೆವೇ ಹೊರತು ಖರಾಬು ಏನು ಅಂತ ನೋಡಿರಲಿಲ್ಲ.

ಬೋರು ಯಾಕೆ ಹೀಗೆ ಆಳಕ್ಕೆ ಹೋಯಿತು? ನಮ್ಮದು ಗಟ್ಟಿ ಬಂಡೆಯ ಸೀಮೆ. ಮೇಲೆ ಒಂದಷ್ಟು ಅಡಿ ಮಣ್ಣು, ಸವೆದ ಕಲ್ಲು. ಅದರಲ್ಲಿ ನೀರು ನಿಲ್ಲುತ್ತದೆ, ತೆರೆದ ಬಾವಿಗೆ ಬರುತ್ತಿದ್ದದ್ದು ಅದೇ. ಅದರ ಕೆಳಗೆ ಬಂಡೆ. ಬಂಡೆಯಲ್ಲಿ ನೀರಿರುವುದು ಬಿರುಕಿನಲ್ಲಿ ಮಾತ್ರ. ಬೋರಿನವರು ಅದನ್ನೇ ಗ್ಯಾಪು ಎನ್ನುತ್ತಾರೆ. ಆಳಕ್ಕೆ ಹೋದಂತೆ ಬಿರುಕು ಕಡಿಮೆ. ಕೆಳಗೆ ಗಂಗೆ ಹರಿಯುತ್ತಾಳೆ ಎಂಬುದು ನಮ್ಮ ಆಸೆ ಅಷ್ಟೇ.

ಒಂದು ಲೆಕ್ಕ ಹೇಳುತ್ತೇವೆ, ಮನೆಗೆ ಹೋಗಿ ನೀವೇ ಹಾಕಿ ನೋಡಿ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿತ್ತು ಅನ್ನಿ. ಒಂದು ಎಕರೆಯ ಮೇಲೆ ಬೀಳುವ ನೀರು ಸುಮಾರು 24 ಲಕ್ಷ ಲೀಟರ್. ಅದರಲ್ಲಿ ಬಹುಪಾಲು ಬಿಸಿಲಿಗೆ, ಗಿಡಕ್ಕೆ, ಹಳ್ಳಕ್ಕೆ ಹೋಗುತ್ತದೆ. ಗಟ್ಟಿ ಬಂಡೆಯ ಸೀಮೆಯಲ್ಲಿ ಒಳಗೆ ಇಂಗುವುದು ಹತ್ತರಲ್ಲಿ ಒಂದು ಪಾಲು ಅಂತ ಹಿಡಿಯಬಹುದು, ಅಂದರೆ 2 ಲಕ್ಷ 40 ಸಾವಿರ ಲೀಟರ್. ಈಗ ಖರ್ಚು ನೋಡಿ. ಒಂಬತ್ತು ಅಡಿಗೆ ಒಂದರಂತೆ ಎಕರೆಗೆ 540 ಅಡಿಕೆ ಗಿಡ. ಹನಿ ನೀರಾವರಿಯಲ್ಲೇ ಗಿಡಕ್ಕೆ ದಿನಕ್ಕೆ 20 ಲೀಟರ್ ಕೊಟ್ಟರೂ ದಿನಕ್ಕೆ 10,800 ಲೀಟರ್. ಮಳೆಯಿಲ್ಲದ ಆರು ತಿಂಗಳಿಗೆ 19 ಲಕ್ಷ ಲೀಟರಿಗೂ ಮೇಲೆ. ಅಂದರೆ ಒಂದು ಎಕರೆ ಅಡಿಕೆ ಎಂಟು ಎಕರೆಯಲ್ಲಿ ಇಂಗಿದ ನೀರು ಕುಡಿಯುತ್ತದೆ. ಒಬ್ಬರು ಒಂದು ಎಕರೆ ಇಟ್ಟರೆ ಸುತ್ತಲಿನ ಏಳು ಎಕರೆಯವರ ನೀರು ಅದರಲ್ಲಿದೆ. ಎಂಟು ಎಕರೆಯವರೂ ಅಡಿಕೆಯನ್ನೇ ಇಟ್ಟರೆ? ಉತ್ತರ ನಮ್ಮ 960 ಅಡಿಯ ತೂತಿನಲ್ಲಿದೆ.

ಇದು ನಮ್ಮೂರಿನದು ಮಾತ್ರ ಅಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲೂ ನಮ್ಮ ಹಾಗೆ ಮಳೆ ಕಡಿಮೆ ಇರುವ ಬಯಲುಸೀಮೆ ಇದೆ. ಅಲ್ಲಿನ ಸಣ್ಣ ಸಣ್ಣ ಊರುಗಳ ರೈತರೂ ಹತ್ತಿ, ಜೋಳ, ಶೇಂಗಾ ಬೆಳೆಯುತ್ತಾರೆ. ನೆಲದಡಿ ಒಗಲ್ಲಾಲ ಎಂಬ ಭಾರೀ ನೀರಿನ ಪದರ ಇದೆ, ಎಂಟು ರಾಜ್ಯಗಳ ಕೆಳಗೆ ಹಬ್ಬಿದೆ. ನಮ್ಮ ಹಾಗೆ ಬಂಡೆಯ ಬಿರುಕಲ್ಲ, ಮರಳು, ಗರಸಿನ ಪದರ. 1940, 50ರ ದಶಕದಿಂದ ಪಂಪಿಟ್ಟು ಎತ್ತಿ ಎತ್ತಿ ಅದೂ ಇಳಿಯಿತು. ಎಷ್ಟೋ ಕಡೆ ರೈತರು ಮತ್ತೆ ಮಳೆಯಾಶ್ರಯದ ಬೇಸಾಯಕ್ಕೆ ತಿರುಗಬೇಕಾಯಿತು. ಅಲ್ಲಿ ಒಳಗೆ ನೀರು ಇಂಗುವುದು ಹೆಚ್ಚಾಗಿ ಬಯಲಿನಲ್ಲಿ ತಾನಾಗೇ ಆಗಿರುವ ತಗ್ಗು ಕುಂಟೆಗಳಿಂದಂತೆ. ಆ ಕುಂಟೆಗಳನ್ನೂ ಎಷ್ಟೋ ಕಡೆ ಉತ್ತು ಹೊಲ ಮಾಡಿಕೊಂಡರು. ಅಷ್ಟು ದೊಡ್ಡ ದೇಶ, ಅಷ್ಟು ದೊಡ್ಡ ಯಂತ್ರ, ತಪ್ಪು ಮಾತ್ರ ನಮ್ಮದೇ. ಅವರ ಕುಂಟೆ ದೇವರು ಕೊಟ್ಟದ್ದು, ನಮ್ಮ ಕೆರೆ ಹಿರಿಯರು ಕೈಯಾರೆ ಕಟ್ಟಿದ್ದು. ಅಷ್ಟೇ ವ್ಯತ್ಯಾಸ.

ಇನ್ನು ಭದ್ರಾ ಮೇಲ್ದಂಡೆಯ ನೀರು. ತುಂಗೆಯಿಂದ ಭದ್ರೆಗೆ, ಭದ್ರೆಯಿಂದ ಅಜ್ಜಂಪುರದ ಸುರಂಗ ದಾಟಿ ನಮ್ಮ ಜಿಲ್ಲೆಯೂ ಸೇರಿ ಬಯಲುಸೀಮೆಯ ಜಿಲ್ಲೆಗಳಿಗೆ 29.9 ಟಿ.ಎಂ.ಸಿ. ಯೋಜನೆ. 2019ರಿಂದ ಒಂದಷ್ಟು ನೀರು ವೇದಾವತಿಗೆ ಬಿದ್ದು ವಾಣಿವಿಲಾಸ ಸಾಗರಕ್ಕೆ ಹೋಗಿದೆ. 2023ರ ಬಜೆಟ್ಟಿನಲ್ಲಿ ಕೇಂದ್ರದವರು 5,300 ಕೋಟಿ ಘೋಷಿಸಿದರು, ಆ ಹಣಕ್ಕಾಗಿ ರೈತರು ಹೋರಾಟ ಮಾಡಿದರು. ನಾವೂ ಹೋಗಿದ್ದೆವು. ನೀರು ಬರಲಿ, ಬರಲೇಬೇಕು. ಆದರೆ ಯೋಜನೆಯಲ್ಲಿ ಏನಿದೆ ಅಂತ ನೋಡಿ. ಹೊಲಕ್ಕೆ ಹನಿ ನೀರಾವರಿ, ಜೊತೆಗೆ 367 ಕೆರೆಗಳಿಗೆ ಅರ್ಧದಷ್ಟು ನೀರು. ಉಳಿದ ಅರ್ಧವನ್ನು ತುಂಬಬೇಕಾದವನು ಮಳೆರಾಯ, ದಾರಿ ಬಿಡಬೇಕಾದವರು ನಾವು. ಏರಿ ಸೋರುತ್ತಿದ್ದರೆ, ತೂಬು ಮುರಿದಿದ್ದರೆ, ಅಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆದಿದ್ದರೆ ತುಂಗೆ ಬಂದು ಮಾಡುವುದೇನು?

ಈಗ ಸಂಘದ ಮಾತು. ನಾವು ನಿರ್ದೇಶಕರಾದ ಮೇಲೆ ಬೋರಿನ ಸಾಲದ ಅರ್ಜಿಗಳಿಗೆ ಸಹಿ ಹಾಕಿದ್ದೇವೆ. ಒಂದು ಅರ್ಜಿ ನಮ್ಮನ್ನು ಇವತ್ತಿಗೂ ಬಿಟ್ಟಿಲ್ಲ. ದಿಣ್ಣೆಯ ಮೇಲಿನ ಹೊಲ. ಮಳೆ ಬಂದರೆ ನಾಲ್ಕೂ ಕಡೆ ನೀರು ಇಳಿದುಹೋಗುವ ಜಾಗ. ಅಲ್ಲಿ ನೀರು ಸಿಕ್ಕುವುದು ಕಷ್ಟ ಅಂತ ನಮಗೆ ಗೊತ್ತಿತ್ತು. ಆದರೂ “ಅಣ್ಣಾ, ನೀನೂ ಇಲ್ಲ ಅಂತೀಯಾ?” ಅಂದಾಗ ಇಲ್ಲ ಅನ್ನೋಕೆ ನಮಗೆ ಬಾಯಿ ಬರಲಿಲ್ಲ. ಬೋರು ಫೇಲಾಯಿತು. ಸಾಲ ಉಳಿಯಿತು. ವಸೂಲಿಗೆ ಹೋಗಬೇಕಾದವರೂ ನಾವೇ. ಆ ಮನೆಯ ಜಗಲಿಯ ಮೇಲೆ ಕೂತು ಕಾಫಿ ಕುಡಿದು, ಕೇಳಲು ಬಂದದ್ದನ್ನು ಕೇಳದೆ ಎದ್ದು ಬಂದೆವು. ಸಹಕಾರ ಎಂದರೆ ಕೇಳಿದವರಿಗೆಲ್ಲ ಹೂಂ ಅನ್ನುವುದಲ್ಲ. ನಮ್ಮವರು ಹಳ್ಳಕ್ಕೆ ಬೀಳುವಾಗ ಕೈ ಹಿಡಿದು ಎಳೆಯುವುದೂ ಸಹಕಾರವೇ ಅಂತ ಅವತ್ತು ತಿಳಿಯಿತು.

ಅದಕ್ಕೇ ಈ ಬೆಳ್ಳಿಹಬ್ಬದಲ್ಲಿ ಮೂರು ಮಾತು ಸಭೆಯ ಮುಂದಿಡುತ್ತೇವೆ.

ಮೊದಲನೆಯದು, ಬರುವ ಬೇಸಿಗೆಯಲ್ಲಿ ಗ್ರಾಮ ನಕ್ಷೆ ಹಿಡಿದುಕೊಂಡು ಗುಡ್ಡದಿಂದ ಕೆರೆಯ ತನಕ ಎಲ್ಲ ಕಾಲುವೆಗಳನ್ನೂ ನಡೆದು ನೋಡೋಣ. ಮುಚ್ಚಿದ್ದರೆ ಬಿಡಿಸೋಣ. ಮೊದಲು ನಿರ್ದೇಶಕರ ಹೊಲದಿಂದಲೇ ಶುರುವಾಗಲಿ. ನಮ್ಮ ಆರು ಗುಂಟೆಯನ್ನು ಕಳೆದ ವರ್ಷ ಜೆ.ಸಿ.ಬಿ. ತಂದು ಬಿಡಿಸಿದ್ದೇವೆ. ನಮ್ಮ ಕೆಳಗಿನ ಹೊಲದವರು “ನೀವು ಬಿಟ್ರೆ ನಾವೂ ಬಿಡ್ಬೇಕಾ?” ಅಂತ ಜಗಳಕ್ಕೆ ಬಂದರು. ಇನ್ನೂ ಬಿಟ್ಟಿಲ್ಲ. ಅವರೂ ಈ ಸಭೆಯಲ್ಲಿದ್ದಾರೆ. ಅವರ ಮೇಲೆ ನಮಗೆ ಸಿಟ್ಟಿಲ್ಲ, ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅದೇ ತಪ್ಪನ್ನು ನಾವೂ ಮಾಡಿದವರು. ಈಗ ನಮ್ಮ ಹೊಲದ ತನಕ ಬಂದ ನೀರು ಅವರ ಬದುವಿನ ಹತ್ತಿರ ನಿಲ್ಲುತ್ತದೆ. ಅದು ಕೆರೆ ಸೇರುವುದು ಅವರ ಮನಸ್ಸಿನಲ್ಲಿದೆ. ಒಬ್ಬರೇ ಬಿಟ್ಟರೆ ಕಾಲುವೆಯಾಗುವುದಿಲ್ಲ, ಬರೀ ಗುಂಡಿಯಾಗುತ್ತದೆ.

ಎರಡನೆಯದು, ಬೋರಿನ ಸಾಲದ ಅರ್ಜಿ ಬಂದಾಗ ಇಬ್ಬರು ನಿರ್ದೇಶಕರು ಹೊಲಕ್ಕೆ ಹೋಗಿ ಇಳಿಜಾರು ನೋಡಬೇಕು. ಸುತ್ತ ಎಷ್ಟು ಬೋರಿವೆ, ಎಷ್ಟು ಅಡಿ, ಎಷ್ಟು ನಿಂತಿವೆ ಅಂತ ಬರೆದುಕೊಳ್ಳಬೇಕು. ಹಾಕಿಸುವುದಾದರೆ ಪಕ್ಕದಲ್ಲಿ ಇಂಗುಗುಂಡಿ ಮತ್ತು ಹನಿ ನೀರಾವರಿ ಇರಲೇಬೇಕು. ದಿಣ್ಣೆ ಹೊಲದವರಿಗೆ ಬೋರಿನ ಬದಲು ಹಸು, ಕುರಿ, ಕೃಷಿಹೊಂಡಕ್ಕೆ ಸಾಲ ಕೊಡೋಣ. ಹಾಗೆ ಮಾಡಿದರೆ ಅಲ್ಲಿ ರಾಗಿಯೂ ಸಾವೆಯೂ ಉಳಿಯುತ್ತವೆ.

ಮೂರನೆಯದು, ಲಾಭದಲ್ಲಿ ಒಂದಿಷ್ಟನ್ನು ಕೆರೆಗೆ ಅಂತ ಕಾಯಿದೆ ಒಪ್ಪುವ ರೀತಿಯಲ್ಲಿ ತೆಗೆದಿಡೋಣ. ಬೇಸಿಗೆಯಲ್ಲಿ ಕೆರೆಗೋಡು ಹೊಡೆಯಲು ಟ್ರ್ಯಾಕ್ಟರ್ ಬಾಡಿಗೆಗೆ ಸಣ್ಣ ಸಾಲ ಕೊಡೋಣ. ಗೊಬ್ಬರದ ಮೂಟೆಗೆ ಸಾಲ ಕೊಡುವ ಸಂಘ ಗೋಡಿಗೆ ಯಾಕೆ ಕೊಡಬಾರದು?

ಇಪ್ಪತ್ತೈದು ವರ್ಷ ನಮ್ಮ ಸಂಘ ದುಡ್ಡಿನ ಲೆಕ್ಕ ಇಟ್ಟಿದೆ, ಚೆನ್ನಾಗಿಯೇ ಇಟ್ಟಿದೆ. ಮುಂದಿನ ಇಪ್ಪತ್ತೈದು ವರ್ಷ ನೀರಿನ ಲೆಕ್ಕವನ್ನೂ ಇಡಲಿ. ನೆಲದೊಳಗಿನ ನೀರೂ ಷೇರು ಬಂಡವಾಳದ ಹಾಗೇ, ಎಲ್ಲರದೂ ಸೇರಿ ಆದದ್ದು. ಒಬ್ಬರೇ ತೆಗೆದುಕೊಂಡು ಹೋಗಲು ಬರುವುದಿಲ್ಲ.

ಮುಂದಿನ ಹುಬ್ಬೆ ಮಳೆ ಬರುವಾಗ ಎಲ್ಲರೂ ಒಂದು ಸಲ ನಿಮ್ಮ ನಿಮ್ಮ ಬದುವಿನ ಮೇಲೆ ನಿಂತು ನೋಡಿ. ಕಂಬಳಿಕೊಪ್ಪೆ ಇಲ್ಲದಿದ್ದರೆ ಗೊಬ್ಬರದ ಚೀಲವೇ ಸಾಕು. ನೀರು ಎಲ್ಲಿಗೆ ಹೋಗಲು ಒದ್ದಾಡುತ್ತಿದೆ ಅಂತ ಕಾಣುತ್ತದೆ. ಅದಕ್ಕೆ ದಾರಿ ಬಿಡಿ.

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.